ಸಕ್ಕರೆ ಬಾವಿಯ ಹಗ್ಗ

ಸಮುದ್ರದ ನಡುವಿನ ಒಂದು ಕೋಟೆಯಲ್ಲಿ, ಬಾವಿಗೆ ಬಿಡಬೇಕಾಗಿದ್ದ ಅರ್ಧ ಗಿಂಡಿ ನೀರನ್ನು ನಾನು ಸಮುದ್ರಕ್ಕೆ ಚೆಲ್ಲಿದೆ. ಆಮೇಲೆ ಬಾವಿಗೇ ಬಿಟ್ಟೆನೆಂದು ನನ್ನ ಸೋದರತ್ತೆಗೆ ಹೇಳಿದೆ. ನಾನು ಮಾಡಿದ ತಪ್ಪು ಇದು. ಕೇಳಿದವರು ಇದರಲ್ಲೇನು ದೊಡ್ಡದಿದೆ ಎನ್ನುತ್ತಾರೆ. ಮೊದಲ ಮೂರು ವರ್ಷ ನಾನೂ ಹಾಗೇ ಅನ್ನುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ಚಿಕ್ಕೋಡಿಯಿಂದ ಏಕಸಂಬಿಗೆ ಹೋಗುವ ದಾರಿಯ ಒಂದು ಹಳ್ಳಿ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಹತ್ತನೆಯ ಇಯತ್ತೆ ಮುಗಿಸಿ, ಮುಂದೆ ಓದಲು ಮನಸ್ಸಿಲ್ಲದೆ, ಅಪ್ಪ ಬಿಟ್ಟುಹೋದ ಕಬ್ಬಿನ ಹೊಲ ನೋಡಿಕೊಂಡು ಇದ್ದವನು ನಾನು. ಅತ್ತೆ ಎಂದರೆ ಅಪ್ಪನ ತಂಗಿ. ಅವಳನ್ನು ರಾಯಬಾಗದ ಕಡೆ ಕೊಟ್ಟಿದ್ದರು. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ಒಂದು ಟ್ರಂಕು, ಒಂದು ಹಿತ್ತಾಳೆ ಕೊಡ ತೆಗೆದುಕೊಂಡು ತವರಿಗೆ ಬಂದಳು. ಅದೇ ವರ್ಷ ನನ್ನ ತಾಯಿ ತೀರಿಕೊಂಡಳು. ಹೀಗಾಗಿ ನನ್ನನ್ನು ಬೆಳೆಸಿದವಳು ಅತ್ತೆ. ನನ್ನ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. "ತಮ್ಮಾ" ಅನ್ನುತ್ತಿದ್ದಳು. ನನಗೆ ಮೂವತ್ತೈದಾದ ಮೇಲೂ ಹಾಗೇ ಅನ್ನುತ್ತಿದ್ದಳು.

ನಾವು ಜೈನರು. ಅತ್ತೆ ಒಂದು ಚಾತುರ್ಮಾಸದಲ್ಲಿ ಮುನಿಗಳ ಎದುರು ನೇಮ ಹಿಡಿದಿದ್ದಳು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಬಾವಿಯ ನೀರು ಬಿಟ್ಟು ಬೇರೆ ನೀರಿಲ್ಲ, ಅದೂ ತನ್ನ ಕೈಯಾರೆ ಸೋಸಿದ್ದು. ಸೋಸುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಬಹಳ ಜನ ಸೋಸಿದ ಬಟ್ಟೆಯನ್ನು ಝಾಡಿಸಿ ಒಣಹಾಕಿಬಿಡುತ್ತಾರೆ. ಅತ್ತೆ ಹಾಗೆ ಬಿಡುವವಳಲ್ಲ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಅವು ಬಂದ ನೀರಿಗೇ ತಿರುಗಿ ಮುಟ್ಟಿಸಬೇಕು. ಈ ಬಾವಿಯವು ಆ ಬಾವಿಯಲ್ಲಿ ಬಾಳುವುದಿಲ್ಲ. ಅದಕ್ಕೆ ಬಟ್ಟೆಯನ್ನು ಮಗ್ಗುಲು ತಿರುವಿ, ಸೋಸಿದ ನೀರನ್ನೇ ಅದರ ಮೇಲೆ ಹಾಕಿ, ಆ ನೀರನ್ನು ಒಂದು ಗಿಂಡಿಗೆ ಇಳಿಸುತ್ತಿದ್ದಳು. ಗಿಂಡಿಯನ್ನು ಬಾವಿಯ ಮೇಲಿಂದ ಸುರಿಯುವಂತಿಲ್ಲ, ಅಷ್ಟು ಎತ್ತರದಿಂದ ಬಿದ್ದರೆ ಜೀವ ಉಳಿಯುವುದಿಲ್ಲ. ಆ ಗಿಂಡಿಯ ತಳಕ್ಕೆ ಒಂದು ಕೊಂಡಿ ಇತ್ತು. ಅತ್ತೆ ತಾನೇ ಹೊಸೆದ ಬಿಳಿ ನೂಲಿನ ಹಗ್ಗದ ಒಂದು ತುದಿ ಕುತ್ತಿಗೆಗೆ, ಇನ್ನೊಂದು ತುದಿ ತಳದ ಕೊಂಡಿಗೆ. ಕುತ್ತಿಗೆಯ ಎಳೆ ಹಿಡಿದು ಮೆಲ್ಲಗೆ ಇಳಿಸಬೇಕು. ಗಿಂಡಿ ನೀರು ಮುಟ್ಟಿದಾಗ ಅದನ್ನು ಸಡಿಲು ಬಿಟ್ಟು ತಳದ ಎಳೆ ಎಳೆದರೆ ಗಿಂಡಿ ಸದ್ದಿಲ್ಲದೆ ಬೋರಲಾಗುತ್ತದೆ. ದಿನಕ್ಕೆ ಎರಡು ಸಲ, ಮೂವತ್ತು ವರ್ಷ, ಅವಳು ಇದನ್ನು ಒಂದು ಸಲವೂ ತಪ್ಪಿಸಿರಲಿಲ್ಲ. ಜ್ವರ ಬಂದಾಗ ಇದಕ್ಕೆ ನನ್ನನ್ನು ಕಳಿಸುತ್ತಿದ್ದಳು. ನಾನೂ ತಪ್ಪಿಸಿರಲಿಲ್ಲ. ಬಾವಿ ಹಿತ್ತಲಲ್ಲೇ ಇತ್ತು.

ನಮ್ಮ ಮುನಿಗಳ ಒಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಆಹಾರಕ್ಕೆ ಹೊರಡುವ ಮುಂಚೆ ಅವರು ಮನಸ್ಸಿನಲ್ಲಿ ಒಂದು ಕಟ್ಟು ಹಾಕಿಕೊಳ್ಳುತ್ತಾರೆ. ಇಂಥದ್ದು ಹಿಡಿದವರು ಬಾಗಿಲಲ್ಲಿ ಕಂಡರೆ ಮಾತ್ರ ಊಟ, ಕಾಣದಿದ್ದರೆ ಉಪವಾಸ. ಏನು ಅಂತ ಯಾರಿಗೂ ಹೇಳುವುದಿಲ್ಲ. ಒಮ್ಮೆ ಒಬ್ಬ ಮುನಿಗಳು ಮೂರು ದಿನ ನಮ್ಮ ಓಣಿಯಲ್ಲಿ ನಡೆದು ಹಾಗೇ ತಿರುಗಿ ಹೋದರು. ಓಣಿಯವರೆಲ್ಲ ಕಳಸ, ತೆಂಗಿನಕಾಯಿ, ನಿಂಬೆಹಣ್ಣು, ಕಬ್ಬು, ಮನೆಯಲ್ಲಿ ಇದ್ದದ್ದನ್ನೆಲ್ಲ ಹಿಡಿದು ನಿಂತರು. ನಾಲ್ಕನೆಯ ದಿನ ಅತ್ತೆ ಹಿತ್ತಲಿನ ಎರಡು ಪೇರಲಹಣ್ಣು ಹಿಡಿದು ನಿಂತಿದ್ದಳು. ಮುನಿಗಳು ನಿಂತರು. ಅತ್ತೆ ಆ ವಿಷಯವನ್ನು ವರ್ಷಗಟ್ಟಲೆ ಹೇಳಿದಳು.

ಆ ಜನವರಿಯಲ್ಲಿ ನಮ್ಮ ಕಬ್ಬು ಬೇಗ ಫ್ಯಾಕ್ಟರಿಗೆ ಹೋಯಿತು. ನನ್ನ ಹೆಂಡತಿ ಸಮುದ್ರ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ಆದರೆ ಹಾಗೆಂದು ಹೇಳಿರಲಿಲ್ಲ. ಪಕ್ಕದ ಮನೆಯ ಮಾಸ್ತರರು, ಶಾಲೆಯಿಂದ ನಿವೃತ್ತರಾದವರು, ಮಾಲವಣದ ಸಮುದ್ರದೊಳಗೆ ಮರಾಠರ ಕಾಲದ ಕೋಟೆ ಇದೆ, ನಾವೆಯಲ್ಲಿ ಹೋಗಬೇಕು, ಹೋಗಿ ಒಂದೇ ದಿನದಲ್ಲಿ ತಿರುಗಿ ಬರಬಹುದು ಎಂದರು. ನಿಪ್ಪಾಣಿಯಿಂದ ಒಂದು ಟೆಂಪೋ ಬಾಡಿಗೆಗೆ ತಂದೆವು. ಮಾಸ್ತರರ ಮನೆಯವರು, ನಾವು. ಅತ್ತೆಯನ್ನು ಕೇಳಿದೆವು, ಅವಳು ಬರುವುದಿಲ್ಲ ಎನ್ನುತ್ತಾಳೆಂದುಕೊಂಡೇ. ಬರುತ್ತೇನೆ ಎಂದಳು. ಸೋಸಿ ಕಾಸಿದ ನೀರನ್ನು ತನ್ನ ಹಿತ್ತಾಳೆ ಕೊಡದಲ್ಲಿ ತುಂಬಿಕೊಂಡಳು. ಸಾಲದೆ ಬಂದರೆ ಇರಲೆಂದು ಸೋಸುವ ಬಟ್ಟೆ, ಗಿಂಡಿ, ಹಗ್ಗಗಳನ್ನೂ ಚೀಲಕ್ಕೆ ಹಾಕಿಕೊಂಡಳು.

ಆಜರಾ ದಾಟಿದ ಮೇಲೆ ಒಂದು ಏರಿನಲ್ಲಿ ಟೆಂಪೋದ ಮೂತಿಯಿಂದ ಬಿಳಿ ಹೊಗೆ ಬರತೊಡಗಿತು. ಎಲ್ಲರೂ ಇಳಿದರು. ಅತ್ತೆ ಕಾಲಾಡಿಸಿ ತಿರುಗಿ ಬರುವಷ್ಟರಲ್ಲಿ ಡ್ರೈವರ್ ಅವಳ ಕೊಡವನ್ನು ಬೋರಲು ಹಿಡಿದು ಕೊನೆಯ ಹನಿಯನ್ನು ರೇಡಿಯೇಟರಿಗೆ ಅಲ್ಲಾಡಿಸಿ ಹಾಕುತ್ತಿದ್ದ.

"ಏನ್ ಮಾಡಾಕತ್ತೀಯಪ್ಪಾ?" ಎಂದಳು ಅತ್ತೆ.

"ಗಾಡಿ ಕಾದಿತ್ರಿ ಆಯಿ. ಛಲೋ ಆತು, ಹಿಂದ ನೀರು ಇದ್ವು."

"ಸೋಸಿ ಕಾಸಿದ್ದು ಅವು."

"ಅದಕ್ಕ ನೋಡ್ರಿ, ಒಂದು ಕಸ ಇರಲಿಲ್ಲ."

ಅತ್ತೆ ಖಾಲಿ ಕೊಡ ಇಸಿದುಕೊಂಡಳು. "ಇರ್ಲಿ. ನಿನ್ನ ಗಾಡೀನೂ ನೇಮದೊಳಗ ಬಂತು" ಎಂದು ಹೇಳಿ ತನ್ನ ಸೀಟಿನಲ್ಲಿ ಹೋಗಿ ಕುಳಿತಳು. ಬೆಳಿಗ್ಗೆಯಿಂದ ಅವಳು ನೀರು ಕುಡಿದಿರಲಿಲ್ಲ.

ಘಾಟು ಇಳಿದ ಮೇಲೆ ಸೆಖೆ. ಮಾಲವಣಕ್ಕೆ ಮುಟ್ಟಿದಾಗ ಹನ್ನೊಂದು ಹೊಡೆದಿತ್ತು. ಹೋಟೆಲಿನ ನೀರು ಅವಳಿಗೆ ನಡೆಯದು, ನಲ್ಲಿಯದೂ ನಡೆಯದು. ಯಾರದಾದರೂ ಮನೆಯ ಬಾವಿ ಕೇಳುತ್ತೇನೆ ಎಂದು ನಾನು ಹೊರಟೆ. ಆಗ ಮಾಸ್ತರರು, "ಕೋಟಿಯೊಳಗ ಮೂರು ಬಾವಿ ಅದಾವ್ರಿ. ಸುತ್ತ ಉಪ್ಪು ನೀರು, ನಡುವ ಸಿಹಿ ನೀರು. ಅದ ಅಲ್ಲಿ ಚಮತ್ಕಾರ," ಎಂದರು. ಅತ್ತೆ ಅಲ್ಲಿಯೇ ಕುಡಿಯುತ್ತೇನೆ ಎಂದಳು.

ನಾವೆ ನಿಲ್ಲುವ ಧಕ್ಕೆಯಲ್ಲಿ ನಿಂತು ಅವಳು ಮೊದಲ ಸಲ ಸಮುದ್ರ ನೋಡಿದಳು. ಬಹಳ ಹೊತ್ತು ನೋಡಿ, "ಇಷ್ಟು ನೀರು ಯಾರು ಸೋಸಬೇಕು?" ಎಂದು ಕೇಳಿದಳು.

"ಇದನ್ನ ಯಾರೂ ಕುಡಿಯಂಗಿಲ್ರಿ" ಎಂದರು ಮಾಸ್ತರರು.

"ಅದಕ್ಕ ಅವು ಉಳದಾವ," ಎಂದಳು ಅತ್ತೆ, ಸಮಾಧಾನವಾದವಳಂತೆ.

ನಾವೆಯವನು ಮರಾಠಿಯಲ್ಲಿ ಕರಾರು ಹೇಳಿದ. ಕೋಟೆಯಲ್ಲಿ ಒಂದೂವರೆ ತಾಸು. ಸೀಟಿ ಊದಿದ ತಕ್ಷಣ ಬರಬೇಕು. ಸಮುದ್ರದ ಭರತಿ ಇಳಿತ ನೋಡಿ ನಾವೆ ಬಿಡುವುದು, ಯಾರಿಗೂ ನಿಲ್ಲುವುದಿಲ್ಲ. ಮೋಟಾರು ಸುರು ಮಾಡಿದ. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ನಾನು ನಾವೆಯ ಹಲಗೆ ಹಿಡಿದುಕೊಂಡಿದ್ದೆ. ಅತ್ತೆ ಕೊಡ ಹಿಡಿದುಕೊಂಡು ಮುಂದಿನ ತುದಿಯಲ್ಲಿ ಕುಳಿತಿದ್ದಳು. ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಕರಿಕಲ್ಲಿನ ಗೋಡೆ ಹತ್ತಿರ ಬಂದಂತೆ ಎಲ್ಲಿಯೂ ಬಾಗಿಲು ಕಾಣಲಿಲ್ಲ. ಶತ್ರುವಿಗೆ ಕಾಣಬಾರದೆಂದೇ ಗೋಡೆಯನ್ನು ಡೊಂಕು ಕಟ್ಟಿದ್ದಾರೆ ಎಂದು ಮಾಸ್ತರರು ವಿವರಿಸಿದರು. ನಾವೆ ಗೋಡೆಗೆ ಬಡಿಯುತ್ತದೆ ಅನ್ನುವಾಗ ಬಾಗಿಲು ಕಂಡಿತು.

ಒಳಗೆ ಒಂದು ಸಣ್ಣ ಊರೇ ಇತ್ತು. ಕೆಲವು ಮನೆ, ತೆಂಗಿನ ಮರ, ಗುಡಿ, ಒಣ ಹುಲ್ಲು. ಮಾಸ್ತರರು ಪ್ರತಿಯೊಂದು ಕಲ್ಲಿನ ಮುಂದೆಯೂ ನಿಂತು ಇತಿಹಾಸ ಹೇಳುತ್ತಿದ್ದರು. ಅತ್ತೆ ನಿಲ್ಲದೆ ಬಾವಿಯ ಕಡೆ ನಡೆದಳು. ಮೂರು ಬಾವಿಗಳಿಗೆ ಹಾಲಿನ ಬಾವಿ, ಮೊಸರಿನ ಬಾವಿ, ಸಕ್ಕರೆ ಬಾವಿ ಎಂದು ಹೆಸರು. ಯಾವುದರಿಂದ ಸೇದಲಿ ಎಂದು ಕೇಳಿದೆ.

"ಹಾಲಿಗೆ, ಮಸರಿಗೆ ಹೊತ್ತಿನ ಕಟ್ಟು ಐತಿ. ಸಕ್ಕರೀಗೆ ಇಲ್ಲ. ಸಕ್ಕರೀದ ಆಗ್ಲಿ" ಎಂದಳು. ಹಾಲು ಮೊಸರನ್ನು ಎಷ್ಟು ತಾಸಿನೊಳಗೆ ತಿನ್ನಬೇಕೆಂಬ ನಮ್ಮ ನಿಯಮವನ್ನು ಅವಳು ಬಾವಿಯ ಹೆಸರಿಗೂ ಅನ್ವಯಿಸಿದಳು.

ನಾನು ಸೇದಿ ಕೊಟ್ಟೆ. ಅವಳು ಸೋಸಿದಳು. ಕುಡಿಯಲಿಲ್ಲ, ಮೊದಲು ಬಟ್ಟೆ ತಿರುವಿ ಗಿಂಡಿಗೆ ನೀರಿಳಿಸಿದಳು. ಗಿಂಡಿಯನ್ನು ಬಾವಿಗೆ ಇಳಿಸಬೇಕು ಅನ್ನುವಷ್ಟರಲ್ಲಿ ಒಂದು ಶಾಲೆಯ ಟ್ರಿಪ್ಪಿನ ಮಕ್ಕಳು ಬಂದು ಬಾವಿಯನ್ನು ಮುತ್ತಿದರು. ಕಟ್ಟೆಯ ಮೇಲೆ ಕೈಯಿಡಲೂ ಜಾಗ ಉಳಿಯಲಿಲ್ಲ. ಗದ್ದಲ ಕಡಿಮೆಯಾಗಲಿ ಎಂದು ಅತ್ತೆ ಗಿಂಡಿಯನ್ನು ನೆರಳಿಗೆ ತಂದಳು. ಅಲ್ಲಿ ಕುಳಿತು ಎರಡು ತಂಬಿಗೆ ನೀರು ಕುಡಿದಳು. ಅವಳು ಒಂದೇ ಉಸಿರಿಗೆ ನೀರು ಕುಡಿದದ್ದನ್ನು ನಾನು ಅವತ್ತು ಮಾತ್ರ ನೋಡಿದ್ದು.

ಊಟಕ್ಕೆ ಕುಳಿತೆವು. ನನ್ನ ಹೆಂಡತಿ ಖಡಕ್ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಕತ್ತಲಲ್ಲೇ ಎದ್ದು ಮಾಡಿದ್ದರಿಂದ ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದಿತ್ತು. ಮಾಸ್ತರರು ಒಂದು ತುತ್ತು ತಿಂದು, "ಅಲ್ಲವಾ ತಂಗಿ, ಸಮುದ್ರ ಇಲ್ಲೇ ಐತಿ, ಮನಿಯಿಂದ ಯಾಕ ಹೊತ್ಕೊಂಡ ಬಂದಿ?" ಎಂದರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಹೆಂಡತಿಯ ಮುಖ ಕೆಂಪಾಯಿತು. ಅತ್ತೆ ನಗಲಿಲ್ಲ. ತನ್ನ ಪಾಲಿನದನ್ನು ಪೂರ್ತಿ ತಿಂದಳು.

ಆಮೇಲೆ ಅತ್ತೆ ಗಿಂಡಿಯನ್ನು ಹಗ್ಗದ ಸಮೇತ ನನ್ನ ಕೈಗೆ ಕೊಟ್ಟಳು. "ನನ್ನ ಕಾಲು ಸಾವಕಾಶ ನಡೀತಾವು ತಮ್ಮಾ. ನಾ ನಿನ್ನ ಹೆಣತೀ ಕೂಡ ನಾವೀ ಕಡೆ ಹೋಗಿರ್ತೀನಿ. ನೀ ಇದನ್ನ ಬಾವಿಗೆ ಮುಟ್ಟಿಸಿ ಬಾ. ಸಕ್ಕರಿ ಬಾವಿ, ಮತ್ತ."

"ಗೊತ್ತೈತಿ ಅತ್ತಿ."

ನನಗೆ ಗೊತ್ತಿತ್ತು. ಬಾವಿ ನೂರಿನ್ನೂರು ಹೆಜ್ಜೆಯಲ್ಲಿತ್ತು. ಮಕ್ಕಳೂ ಹೋಗಿಬಿಟ್ಟಿದ್ದರು. ಆದರೆ ಬಾವಿಗೆ ಹೋಗುವ ದಾರಿಯಲ್ಲೇ ಕೋಟೆಗೋಡೆಗೆ ಹತ್ತುವ ಮೆಟ್ಟಿಲು ಇದ್ದವು. ಒಂದು ಸಲ ಹತ್ತಿ ನೋಡಿ ಬರೋಣವೆಂದು ಹತ್ತಿದೆ. ಮೇಲೆ ಗಾಳಿ ಇತ್ತು. ಆ ಕಡೆ ಸಮುದ್ರ ಬಿಟ್ಟು ಏನೂ ಇರಲಿಲ್ಲ. ನಾನು ನಿಂತು ಅದನ್ನು ನೋಡಿದೆ. ಬಾವಿಗೆ ಹೋಗದೆ ಉಳಿದದ್ದಕ್ಕೆ ಬೇರೆ ಕಾರಣ ಹುಡುಕಲು ವರ್ಷಗಟ್ಟಲೆ ಪ್ರಯತ್ನ ಮಾಡಿದ್ದೇನೆ. ಬಿಸಿಲಿಗೆ ತಲೆ ಸುತ್ತಿತು, ಮಾಸ್ತರರು ಕರೆದರು, ದಾರಿ ತಪ್ಪಿತು. ಯಾವುದೂ ನಿಜವಲ್ಲ. ಗಿಂಡಿಯನ್ನು ಗೋಡೆಯ ಮೇಲೆ ಇಟ್ಟು, ಸಮುದ್ರ ನೋಡುತ್ತ ನಿಂತೆ. ನೋಡಲು ಚೆನ್ನಾಗಿತ್ತು.

ಸೀಟಿ ಕೇಳಿಸಿತು. ಎರಡನೆಯ ಸಲ ಕೇಳಿಸಿತು. ಕೆಳಗೆ ಬಾಗಿಲ ಹತ್ತಿರ ನಮ್ಮವರು ನಾವೆ ಹತ್ತುತ್ತಿರುವುದು ಮೇಲಿಂದ ಕಾಣುತ್ತಿತ್ತು. ಬಾವಿ ಒಂದು ದಿಕ್ಕಿಗೆ, ನಾವೆ ಇನ್ನೊಂದು ದಿಕ್ಕಿಗೆ. ನಾನು ನಾವೆಯ ಕಡೆ ಓಡಿದೆ. ಬಾಗಿಲಿನ ಹೊರಗೆ ಗೋಡೆ ತಿರುಗುವ ಜಾಗದಲ್ಲಿ, ಯಾರಿಗೂ ಕಾಣದಂತೆ, ಬಂಡೆಯ ಮೇಲೆ ಕುಳಿತು ಗಿಂಡಿಯನ್ನು ಸಮುದ್ರಕ್ಕೆ ಬಗ್ಗಿಸಿದೆ. ಮೆಲ್ಲಗೇ ಬಗ್ಗಿಸಿದೆ. ಎಸೆಯಲಿಲ್ಲ ಎಂದು ಆಗ ನನಗೆ ಸಮಾಧಾನವೂ ಆಯಿತು.

ಹೊರಡಬೇಕು ಅನ್ನುವಾಗ ಹಗ್ಗ ಒಣಗಿದೆ ಅನ್ನುವುದು ನೆನಪಾಯಿತು. ಬಾವಿಗೆ ಇಳಿಸಿದ್ದರೆ ಹಗ್ಗ ಒದ್ದೆಯಾಗಿರಬೇಕಿತ್ತು. ಅತ್ತೆ ಅದನ್ನು ನೋಡದೆ ಇರುವವಳಲ್ಲ. ನಾನು ಇಡೀ ಹಗ್ಗವನ್ನು ಸಮುದ್ರದಲ್ಲಿ ಅದ್ದಿ, ಹಿಂಡಿ, ಸುತ್ತಿದೆ. ನನ್ನ ಜೀವನದಲ್ಲಿ ಇಷ್ಟು ಚುರುಕಾಗಿ ಬುದ್ಧಿ ಓಡಿದ್ದು ಮತ್ತೆ ನೆನಪಿಲ್ಲ.

ನಾವೆ ಬಿಟ್ಟಿತು. ಅತ್ತೆ ಗಿಂಡಿ ಇಸಿದುಕೊಂಡಳು.

"ಬಿಟ್ಟೇನು ತಮ್ಮಾ?"

"ಬಿಟ್ನಿ ಅತ್ತಿ."

"ಸಕ್ಕರಿ ಬಾವಿಗೆ?"

"ಸಕ್ಕರಿ ಬಾವಿಗೇ."

"ಮೆಲ್ಲಕ ಇಳಿಸಿದಿ?"

"ಮೆಲ್ಲಕ."

"ನೀರು ಮುಟ್ಟಿದ ಮ್ಯಾಲ ಬುಡ ಎಳದಿ?"

"ಹೂಂ, ಎಳದ್ನಿ."

ನಾಲ್ಕು ಪ್ರಶ್ನೆ, ನಾಲ್ಕು ಸುಳ್ಳು. ಅತ್ತೆ ಒದ್ದೆ ಹಗ್ಗವನ್ನು ಮುಟ್ಟಿ ನೋಡಿದಳು, ಚೀಲಕ್ಕೆ ಹಾಕಿದಳು. "ಪುಣ್ಯಾ ಬಂತು ನಿನಗ" ಎಂದಳು. ನಾನು ಆ ಕಡೆ ತಿರುಗಿ ಕೋಟೆ ನೋಡಿದೆ.

ತಿರುಗಿ ಬಂದ ಎರಡನೆಯ ದಿನ ಮಧ್ಯಾಹ್ನ ಅತ್ತೆ ತಾಟಿನ ಮುಂದೆ ಕುಳಿತು, "ಇವತ್ತಿನಿಂದ ನನಗ ಉಪ್ಪು ಬ್ಯಾಡವಾ" ಎಂದು ನನ್ನ ಹೆಂಡತಿಗೆ ಹೇಳಿದಳು. ಉಪ್ಪು, ಎಣ್ಣೆ, ತುಪ್ಪ, ಸಕ್ಕರೆ ಇಂಥವುಗಳಲ್ಲಿ ಒಂದನ್ನು ಕೆಲವು ದಿನದ ಮಟ್ಟಿಗೆ ಬಿಡುವುದು ನಮ್ಮಲ್ಲಿ ಇದ್ದದ್ದೇ. ಯಾರೂ ಯಾಕೆ ಎಂದು ಕೇಳುವುದಿಲ್ಲ. ಕೇಳಿದರೂ ಹೇಳುವುದಿಲ್ಲ. ಮನೆಯ ಬಾವಿಗೆ ಅವಳು ಹೊಸ ಹಗ್ಗ ಹೊಸೆದುಕೊಂಡಳು. ಹಳೆಯದನ್ನು ಪಡಸಾಲೆಯ ಗೋಡೆಯ ಮೊಳೆಗೆ ತೂಗುಹಾಕಿದಳು. ನಾನು ಅಂಗಿ ತೂಗುಹಾಕುತ್ತಿದ್ದ ಮೊಳೆಯ ಪಕ್ಕದ್ದು ಅದು.

ಒಂದು ತಿಂಗಳಾಯಿತು, ಒಂದು ವರ್ಷವಾಯಿತು. ಅತ್ತೆ ಉಪ್ಪು ಮುಟ್ಟಲಿಲ್ಲ. ನನ್ನ ಹೆಂಡತಿಗೆ ಕಾರಣ ಗೊತ್ತಿತ್ತು.

"ಅವತ್ತು ಕೋಟಿಯೊಳಗ ನನ್ನ ಪಲ್ಯಾಕ ಉಪ್ಪು ಹೆಚ್ಚಾಗಿತ್ತಲ್ರಿ" ಎಂದಳು. "ಅತ್ಯಾರು ಬಾಯಿಲೆ ಅನ್ನಲಿಲ್ಲ. ಬಿಟ್ಟು ತೋರ್ಸಿದ್ರು."

"ಹಂಗೇನ ಇರಂಗಿಲ್ಲ," ಎಂದೆ.

"ಮತ್ತ ಏನ್ ಇರತೈತಿ, ನೀವ ಹೇಳ್ರಿ."

ಏನಿರುತ್ತದೆಂದು ನನಗೆ ಆಗ ನಿಜವಾಗಿ ಗೊತ್ತಿರಲಿಲ್ಲ. ಹೆಂಡತಿ ಎರಡು ಒಲೆಯಲ್ಲಿ ಎರಡು ಅಡುಗೆ ಮಾಡತೊಡಗಿದಳು. ನಮ್ಮ ಅಡುಗೆಗೂ ಉಪ್ಪು ಕಡಿಮೆಯೇ ಹಾಕುತ್ತಿದ್ದಳು. ಮದುವೆಗೆ ಮುಂಚೆ ತವರಿನಲ್ಲಿ ಮೂವತ್ತು ಜನರಿಗೆ ಅಡುಗೆ ಮಾಡಿದವಳು. ಈಗ ಬೀಗರು ಬಂದರೆ ಮೂರು ಮೂರು ಸಲ ರುಚಿ ನೋಡಿ, ನನ್ನನ್ನೂ ಕರೆದು ನೋಡಿಸುತ್ತಿದ್ದಳು. ನಮ್ಮ ಮನೆಗೆ ಬಂದವರು ಊಟಕ್ಕೆ ಕುಳಿತ ತಕ್ಷಣ ಉಪ್ಪು ಕೇಳುವುದು ರೂಢಿಯಾಯಿತು.

ಮೂರನೆಯ ಮಳೆಗಾಲದಲ್ಲಿ ಒಂದು ದಿನ ಅಂಗಿ ತೆಗೆಯಲು ಕೈಹಾಕಿದಾಗ ಪಕ್ಕದ ಹಗ್ಗ ಕೈಗೆ ತಾಗಿತು. ಒದ್ದೆಯಾಗಿತ್ತು. ಅಂಗಿ ಒಣಗಿತ್ತು, ಗೋಡೆ ಒಣಗಿತ್ತು, ಮಾಳಿಗೆ ಸೋರುತ್ತಿರಲಿಲ್ಲ. ಹಗ್ಗ ಮಾತ್ರ ಈಗ ನೀರಿನಿಂದ ತೆಗೆದಂತೆ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಗೋಡೆಯ ಮೇಲೆ ಬಿಳಿ ಗೆರೆ ಇಳಿದಿತ್ತು. ಬೆರಳನ್ನು ನಾಲಗೆಗೆ ಮುಟ್ಟಿಸಿದೆ. ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರೊಡೆಯುವುದನ್ನು ಎಲ್ಲರೂ ನೋಡಿರುತ್ತಾರೆ. ಇದೂ ಅದೇ.

ಸಿಹಿ ನೀರಿನ ಬಾವಿಗೆ ಇಳಿಸಿದ ಹಗ್ಗಕ್ಕೆ ಉಪ್ಪು ಹಿಡಿಯುವುದಿಲ್ಲ. ಮನೆಗೆ ಬಂದ ಎರಡನೆಯ ದಿನ ಹಗ್ಗ ಒಣಗಿ ಸೆಟೆದು ನಿಂತಾಗಲೇ ಅತ್ತೆಗೆ ಇದು ಗೊತ್ತಾಗಿದೆ. ಉಪ್ಪು ಬಿಟ್ಟದ್ದೂ ಅದೇ ದಿನ. ನಾನು ಹತ್ತನೆಯ ಇಯತ್ತೆ ಓದಿದವನು, ಇಷ್ಟು ಕೂಡಿಸಲು ಮೂರು ವರ್ಷ ತೆಗೆದುಕೊಂಡೆ.

ಅವತ್ತೇ ಹೇಳಬೇಕಿತ್ತು. ಅತ್ತೆ ಒಳಗೆ ಗೋಧಿ ಹಸನು ಮಾಡುತ್ತ ಕುಳಿತಿದ್ದಳು. ನಾನು ಅಂಗಿ ಹಾಕಿಕೊಂಡು ಹೊಲಕ್ಕೆ ಹೋದೆ.

ಪ್ರತಿ ವರ್ಷ ಭಾದ್ರಪದದಲ್ಲಿ ಹತ್ತು ದಿನದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ ಇರುತ್ತದೆ. ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು, ಗೊತ್ತಿದ್ದೂ ಗೊತ್ತಿಲ್ಲದೆಯೂ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ತಪ್ಪು ಯಾವುದೆಂದು ಹೇಳಬೇಕಾಗಿಲ್ಲ. ನನಗೆ ಇದು ಬಹಳ ಅನುಕೂಲವಾಯಿತು. ಪ್ರತಿ ವರ್ಷ ಮನೆಗೆ ಬಂದು ಅತ್ತೆಯ ಕಾಲು ಮುಟ್ಟಿ, "ಗೊತ್ತಿದ್ದೂ ಗೊತ್ತಿಲ್ಲದ ಏನರೆ ತಪ್ಪಾಗಿದ್ರ..." ಎನ್ನುತ್ತಿದ್ದೆ. ಅತ್ತೆ ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಿದ್ದಳು. ಮತ್ತೇನಾದರೂ ಇದೆಯೇ ಅನ್ನುವಂತೆ. ಆಮೇಲೆ, "ಆತು, ಏಳು," ಎನ್ನುತ್ತಿದ್ದಳು. ಹೀಗೆ ಎಂಟು ವರ್ಷ.

ಹೇಳುವ ಬದಲು ನಾನು ಬೇರೆ ಏನೇನೋ ಮಾಡಿದೆ. ಅಥಣಿಯಿಂದ ದ್ರಾಕ್ಷಿಯ ಪೆಟ್ಟಿಗೆ ತಂದೆ, ದ್ರಾಕ್ಷಿಗೆ ಉಪ್ಪು ಬೇಕಾಗುವುದಿಲ್ಲವಲ್ಲ. ಬಾವಿಗೆ ಹೊಸ ಗಾಲಿ ಹಾಕಿಸಿದೆ, ಅವಳಿಗೆ ಎಳೆಯಲು ಹಗುರಾಗಲೆಂದು. ಕಟ್ಟೆಗೆ ಸಿಮೆಂಟು ಮಾಡಿಸಿದೆ. ಅತ್ತೆ ದ್ರಾಕ್ಷಿಯನ್ನು ಓಣಿಗೆಲ್ಲ ಹಂಚಿದಳು. ಗಾಲಿ ಚೆನ್ನಾಗಿದೆ ಎಂದಳು.

ತೊಂಬತ್ತರ ದಶಕದ ನಡುವೆ ಅತ್ತೆ ಸೊರಗಿದಳು. ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕುಸಿದು ಕುಳಿತಳು, ಸ್ವಲ್ಪ ಹೊತ್ತು ನನ್ನ ಗುರುತು ಹತ್ತಲಿಲ್ಲ. ಚಿಕ್ಕೋಡಿಗೆ ಒಯ್ದೆವು. ಡಾಕ್ಟರು ರಕ್ತ ತೆಗೆದು ನೋಡಿ, ಮೈಯಲ್ಲಿ ಉಪ್ಪು ಕಡಿಮೆಯಾಗಿದೆ, ಊಟದಲ್ಲಿ ಉಪ್ಪು ಕೊಡಿ, ಇಲ್ಲದಿದ್ದರೆ ಮತ್ತೆ ಹೀಗಾಗುತ್ತದೆ, ಆಗ ನನ್ನ ಕೈಯಲ್ಲಿ ಇರುವುದಿಲ್ಲ ಎಂದರು. ಮನೆಗೆ ಬಂದ ಮೇಲೆ ಅತ್ತೆಗೆ ಹೇಳಿದೆವು.

"ನೇಮ ಐತಿ," ಎಂದಳು ಅತ್ತೆ.

"ಎಲ್ಲೀತನಕ ಐತಿ?" ಎಂದು ಕೇಳಿದೆ.

"ಮುಗಿಯೂತನಕ."

ಅದಾಗಿ ನಾಲ್ಕು ದಿನಕ್ಕೆ ಕ್ಷಮಾವಣಿ. ಅತ್ತೆಗೆ ಬಸದಿಗೆ ನಡೆಯಲು ಆಗಲಿಲ್ಲ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ತಲೆಯ ಮೇಲೆ ಆ ಹಗ್ಗ. ನಾನು ಬಸದಿಯಿಂದ ಬಂದಾಗ ನನ್ನ ಹೆಂಡತಿ ಅವಳ ಮುಂದೆ ಗಂಜಿಯ ವಾಟಿ ಇಟ್ಟುಕೊಂಡು ಕುಳಿತಿದ್ದಳು. ಅವಳ ಎರಡೂ ಕೈ ಅತ್ತೆಯ ಪಾದದ ಮೇಲೆ ಇದ್ದವು.

"ಅತ್ಯಾರ, ಎಂಟು ವರ್ಷ ಆತ್ರಿ. ಒಂದ್ ದಿನ ಪಲ್ಯಾಕ ಉಪ್ಪು ಹೆಚ್ಚಾತು. ನಿದ್ದಿಗಣ್ಣಾಗ ಎರಡ್ ಸಲ ಹಾಕಿದ್ನಿ. ಅದಕ್ಕ ಇಷ್ಟು ದೊಡ್ಡ ಶಿಕ್ಷಾ ಕೊಡಬ್ಯಾಡ್ರಿ. ನೀವು ಸತ್ರ ಊರ ಮಂದಿ ನನ್ನ ಕೈಯಾಗಿನ ಅಡಿಗೀನ ಕಾರಣ ಅಂತಾರ. ನನ್ನ ಕ್ಷಮಾ ಮಾಡ್ರಿ. ಇದಿಷ್ಟು ಉಪ್ಪು ಹಾಕ್ಕೊಂಡು ಕುಡೀರಿ."

ಅತ್ತೆ ಗಾಬರಿಯಾದಳು. "ಅಯ್ಯ ಹುಚ್ಚಿ, ನಿನ್ನ ಪಲ್ಯಾ ಯಾರಿಗೆ ನೆನಪೈತಿ?" ಎಂದಳು. ಆದರೆ ಕಾರಣ ಹೇಳಲಿಲ್ಲ. ನನ್ನ ಕಡೆ ನೋಡಿದಳು. ಹೆಂಡತಿಯೂ ತಿರುಗಿ ನನ್ನ ಕಡೆ ನೋಡಿದಳು. ನಾನು ಹೊಸ್ತಿಲಲ್ಲಿ ನಿಂತಿದ್ದೆ, ಒಂದು ಕಾಲು ಇನ್ನೂ ಹೊರಗಿತ್ತು. ಹೊಲದಲ್ಲಿ ಆ ಹೊತ್ತಿಗೆ ಏನೂ ಕೆಲಸವಿರಲಿಲ್ಲ.

"ಅತ್ತಿ" ಎಂದೆ, "ಆ ನೀರು ನಾ ಬಾವಿಗೆ ಬಿಡಲಿಲ್ಲ. ಸಮುದ್ರಕ್ಕ ಚೆಲ್ಲಿದ್ನಿ."

"ಹೂಂ," ಎಂದಳು ಅತ್ತೆ.

"ಹಗ್ಗಾನೂ ಸಮುದ್ರದಾಗ ತೋಸಿದ್ನಿ. ನಿನಗ ಖರೇ ಅನಸ್ಲಿ ಅಂತ."

"ಅದು ಒಣಗಿ ಕಟಿಗಿ ಆಗಿತ್ತು ತಮ್ಮಾ. ಎರಡನೇ ದಿನಾನ ಗೊತ್ತಾತು."

"ಗೊತ್ತಿದ್ರ ಕೇಳಬೇಕಿತ್ತಲ್ಲ ನನ್ನ."

"ಕೇಳಿದ್ನಲ್ಲ. ನಾವಿಯೊಳಗ ನಾಕ್ ಸಲ ಕೇಳೀನಿ."

ಅತ್ತೆ ಮುಂದೆ ಹೇಳಿದಳು. "ನೀ ತಾನಾಗಿ ಬಂದು ಹೇಳೂತನಕ ಉಪ್ಪು ಇಲ್ಲಂತ ನೇಮ ಹಿಡದ್ನಿ. ನಾ ಕೇಳಬಾರದು, ಯಾರೂ ನಿನಗ ಹೇಳಿಕೊಡಬಾರದು. ಬಾಳಂದ್ರ ಒಂದ್ ವಾರ ಅಂತ ತಿಳದಿದ್ನಿ."

ಬಹಳವೆಂದರೆ ಒಂದು ವಾರ. ಆ ಮಾತನ್ನು ಅವಳು ದೂರಿನ ಧ್ವನಿಯಲ್ಲಿ ಹೇಳಲಿಲ್ಲ. ಲೆಕ್ಕ ತಪ್ಪಿದ್ದು ತನ್ನದೇ ಅನ್ನುವಂತೆ ಹೇಳಿದಳು. ನನಗೆ ಓಣಿಯಲ್ಲಿ ನಡೆದು ಹೋದ ಆ ಮುನಿಗಳು ನೆನಪಾದರು. ಎಂಟು ವರ್ಷ ಅತ್ತೆ ನನ್ನ ಬಾಗಿಲ ಮುಂದೆ ಹಾಗೇ ನಡೆದಿದ್ದಳು. ನಾನು ಅಥಣಿಯ ದ್ರಾಕ್ಷಿ ಹಿಡಿದು ನಿಂತಿದ್ದೆ, ಬಾವಿಯ ಗಾಲಿ ಹಿಡಿದು ನಿಂತಿದ್ದೆ. ಬೇಕಾಗಿದ್ದದ್ದು ಯಾವಾಗಲೂ ನನ್ನ ಬಾಯಲ್ಲೇ ಇತ್ತು.

ಹೆಂಡತಿ ಗಂಜಿಗೆ ಉಪ್ಪು ಹಾಕಿ ಕಲಸಿ ವಾಟಿಯನ್ನು ಅತ್ತೆಯ ಕೈಗೆ ಕೊಟ್ಟಳು. ಅತ್ತೆ ಎರಡು ಗುಟುಕು ಕುಡಿದು, "ಉಪ್ಪು ಬರೋಬ್ಬರಿ ಐತಿ ನೋಡವಾ" ಎಂದಳು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು.

ಆ ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತೆವು. ಎಂಟು ವರ್ಷದಲ್ಲಿ ಮೊದಲ ಸಲ ಒಂದೇ ಗಡಿಗೆಯ ಸಾರು. ಅತ್ತೆ ತಿಂದು ತಲೆಯಾಡಿಸಿದಳು. ನಾನು ಒಂದು ತುತ್ತು ಬಾಯಿಗಿಟ್ಟೆ. ನನ್ನ ತಾಟಿನದರಲ್ಲಿ ಉಪ್ಪೇ ಇರಲಿಲ್ಲ. ಹೆಂಡತಿ ನನ್ನದನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಟ್ಟಿದ್ದಳು. ಅತ್ತೆಗೆ ನನ್ನ ಮುಖ ನೋಡಿ ತಿಳಿಯಿತು.

"ಅವಂಗೂ ಒಂದಿಷ್ಟು ಹಾಕವಾ," ಎಂದಳು.

"ಅವರು ನಿಮಗ ಹೇಳ್ಯಾರ್ರಿ ಅತ್ಯಾರ" ಎಂದಳು ನನ್ನ ಹೆಂಡತಿ. "ನನಗ ಇನ್ನೂ ಹೇಳಿಲ್ಲ."

ನಿಜ. ಪಲ್ಯದ ಉಪ್ಪಿನಿಂದ ಅತ್ತೆ ಮುನಿದಿದ್ದಾಳೆಂದು ಅವಳು ಎಂಟು ವರ್ಷ ಅಂದುಕೊಂಡಿದ್ದಳು. ಅದರಲ್ಲಿ ಐದು ವರ್ಷ, ಅದು ಸುಳ್ಳೆಂದು ಗೊತ್ತಿದ್ದೂ, ನಾನು ಅಂದುಕೊಳ್ಳಲು ಬಿಟ್ಟಿದ್ದೆ. ಅದನ್ನು ಅವಳ ಮುಂದೆ ಹೇಳಿ ಕ್ಷಮೆ ಕೇಳಬೇಕಿತ್ತು. ಎದುರಿಗೇ ಕುಳಿತಿದ್ದಳು, ಬೇರೆ ಯಾರೂ ಇರಲಿಲ್ಲ, ಅವತ್ತು ಕ್ಷಮಾವಣಿಯೂ ಆಗಿತ್ತು. ನಾನು ತಲೆ ತಗ್ಗಿಸಿ ಸಪ್ಪೆ ಸಾರು ಉಂಡು ಕೈ ತೊಳೆದೆ.

ಹೇಳಲು ನನಗೆ ಇನ್ನೂ ನಾಲ್ಕು ದಿನ ಬೇಕಾಯಿತು. ನಾಲ್ಕನೆಯ ದಿನ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದಳು. ರೊಟ್ಟಿಯನ್ನು ಹಂಚಿಗೆ ಹಾಕಿ, ಎದ್ದು, ಉಪ್ಪಿನ ಭರಣಿ ತಂದು ನನ್ನ ತಾಟಿನ ಪಕ್ಕದಲ್ಲಿಟ್ಟಳು.

"ಎಷ್ಟು ಬೇಕೋ ನೀವ ಹಾಕ್ಕೋರಿ."

ಅತ್ತೆ ಆಮೇಲೆ ಎರಡು ವರ್ಷ ಇದ್ದಳು. ಆ ಹಗ್ಗವನ್ನು ಇಳಿಸಿ ಮೂರು ನೀರಿನಲ್ಲಿ ತೊಳೆಯಲು ನನಗೆ ಹೇಳಿದಳು, ಮತ್ತೆ ಅದನ್ನೇ ಗಿಂಡಿಗೆ ಕಟ್ಟಿಕೊಂಡಳು. ಗಿಂಡಿ ಇಳಿಸುವ ಕೆಲಸ ಮಾತ್ರ ನನಗೆ ಕೊಡಲಿಲ್ಲ. ಕೈಯಲ್ಲಿ ಶಕ್ತಿ ಹೋದ ಮೇಲೆ ನನ್ನ ಹೆಂಡತಿಗೆ ಕೊಟ್ಟಳು. ಇವತ್ತಿಗೂ ನಮ್ಮ ಮನೆಯಲ್ಲಿ ಎಲ್ಲರ ಸಾರಿಗೂ ಸರಿಯಾಗಿ ಉಪ್ಪು ಬೀಳುತ್ತದೆ. ನನ್ನ ಪಾಲಿನದನ್ನು ಮಾತ್ರ ಹೆಂಡತಿ ಮೊದಲೇ ತೆಗೆದಿಡುತ್ತಾಳೆ. ಭರಣಿ ನನ್ನ ತಾಟಿನ ಪಕ್ಕದಲ್ಲಿರುತ್ತದೆ, ನಾನೇ ಹಾಕಿಕೊಳ್ಳುತ್ತೇನೆ.